ಹೊಸ್ತಿಲಲ್ಲಿ ಕೂಗಿದವನು

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬರು ಸ್ವಾಮಿಗಳು. ಸುತ್ತಲಿನ ಜನಕ್ಕೆ ಅವರು ಬರೀ ಅಜ್ಜಾರು.

ಅವರ ಶಿಷ್ಯ ಸಂಗನಬಸು. ಮಠದಲ್ಲೇ ಉಂಡು, ಮಠದಲ್ಲೇ ಮಲಗಿ, ಪೇಟೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ರಾಜ್ಯಶಾಸ್ತ್ರದ ವಿದ್ಯಾರ್ಥಿ. ಮಾತಿನಲ್ಲಿ ಜಾಣ, ಸುಮ್ಮನಿರುವುದರಲ್ಲಿ ದಡ್ಡ.

ರಾಜಧಾನಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ‘ಜನರ ದನಿ’ ಎಂದು ಅದರ ಹೆಸರು. ಕಾಲೇಜಿನವರು ಸಂಗನಬಸುವನ್ನು ಕಳಿಸಿದರು. ಹೋಗಿ ಬಂದ ಮೇಲೆ ಹುಡುಗ ಕಾಲು ಸುಟ್ಟ ಬೆಕ್ಕಿನಂತಾದ.

ಅಜ್ಜಾರು ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸಂಗನಬಸು ಅವರ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ.

“ನೆಳ್ಳ ಬೀಳ್ತೈತಿ ತಮ್ಮಾ. ಕಲ್ಲು ಕಾಣವಲ್ದು. ಕುಂದ್ರು.”

ಅವನು ಕೂತ. ಮತ್ತೆ ಎದ್ದ.

“ಅಜ್ಜಾರ, ನಾ ರಾಜಧಾನಿಗೆ ಹೋಗ್ತೀನ್ರಿ.”

“ನಿನ್ನೆರೆ ಬಂದಿ.”

“ಪೂರಾ ಹೋಗ್ತೀನ್ರಿ. ಕಾಲೇಜು ಬಿಡ್ತೀನಿ. ಅಲ್ಲಿ ಒಂದು ಪಕ್ಷದ ಯುವ ಘಟಕದವರು ಕರದಾರ. ಇವತ್ತು ಸಂಜಿ ಒಳಗ ಹೂಂ ಅನ್ನಬೇಕಂತ.”

“ಯಾಕ ಕರದಾರು?”

“ನನ್ನ ಮಾತು ಕೇಳಿ.”

ಅಜ್ಜಾರು ಒಂದು ಕಲ್ಲು ಆರಿಸಿ ಎಸೆದರು. “ಏನ್ ಮಾತಾಡಿದಿ? ನನಗೂ ಹೇಳು.”

ಸಂಗನಬಸುವಿನ ಮುಖ ಅರಳಿತು. ದೊಡ್ಡ ಸಭಾಂಗಣ. ವೇದಿಕೆಯ ಮೇಲಿನವರೇ ಮಧ್ಯಾಹ್ನದ ತನಕ ಮಾತಾಡಿದ್ದರು. ಕೊನೆಗೆ ಕೆಳಗೆ ಕೂತವರಿಗೆ ಒಂದೊಂದು ನಿಮಿಷ ಕೊಟ್ಟರು. ಮೈಕು ಕೈಯಿಂದ ಕೈಗೆ ದಾಟುತ್ತ ಇವನ ಹತ್ತಿರ ಬಂತು. ಈಗ ಅಂಗಳದಲ್ಲೂ ಅವನು ಮೈಕು ಹಿಡಿದವನಂತೆ ಮುಷ್ಟಿ ಮೇಲೆತ್ತಿದ.

“ನಮ್ಮೂರು ಮುಳುಗಿದೆ, ನಿಮ್ಮ ಪ್ರಜಾಪ್ರಭುತ್ವ ಮಾತ್ರ ತೇಲುತ್ತಿದೆ! ನಾವು ನೀರಿನ ಕೆಳಗಿನಿಂದ ಮಾತಾಡುತ್ತಿದ್ದೇವೆ, ನಿಮಗೆ ಬರೀ ಗುಳ್ಳೆ ಕಾಣುತ್ತಿದೆ!”

ಕೈ ಇಳಿಸಿದ. “ಎಲ್ಲಾರೂ ಚಪ್ಪಾಳಿ ಹೊಡದ್ರು, ಅಜ್ಜಾರ. ವೇದಿಕಿ ಮ್ಯಾಲಿನವರು ಎದ್ದು ನಿಂತು ಹೊಡದ್ರು.”

“ಛಲೋ ಐತಿ” ಎಂದರು ಅಜ್ಜಾರು. “ಶಾವಂತ್ರವ್ವನ ಮಾತು?”

ಹುಡುಗ ಬಾಗಿ ಮೊರದೊಳಗೆ ಕಲ್ಲು ಹುಡುಕತೊಡಗಿದ.

ಅವನ ಊರು ಮುಳುಗಿದ್ದು ನಿಜ. ಅಣೆಕಟ್ಟಿನ ನೀರು ಏರಿದಾಗ ಜನರನ್ನು ಮಠದ ಕೆಳಗಿನ ಬಯಲಿಗೆ ತಂದು ಹೊಸ ಊರು ಕಟ್ಟಿಕೊಟ್ಟರು. ಮನೆ ಬಂತು, ಶಾಲೆ ಬಂತು, ನೀರಿನ ಟಾಕಿ ಬಂತು. ಹಳೇ ಊರಿನ ಜೊತೆ ಸುಡುಗಾಡೂ ಮುಳುಗಿತ್ತು. ಹೊಸ ಊರಿಗೆ ಸುಡುಗಾಡು ಬೇಕೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಈಗ ಯಾರಾದರೂ ಸತ್ತರೆ ಹೆಣ ಹೊತ್ತುಕೊಂಡು ಅವರಿವರ ಹೊಲದ ಬದುವಿನಲ್ಲಿ ನಿಂತು ಕೈಮುಗಿಯಬೇಕು.

ಶಾವಂತ್ರವ್ವನ ಗಂಡ ಹಾಸಿಗೆ ಹಿಡಿದಿದ್ದ. ಸಂಗನಬಸು ಹೊರಟ ದಿನ ಆಕೆ ಬಸ್ಸಿನ ತನಕ ಬಂದಿದ್ದಳು.

“ಯಪ್ಪಾ, ದೊಡ್ಡವರು ಇರೂವಲ್ಲಿ ಹೊಂಟಿ. ಒಂದ ಮಾತು ಕೇಳಿ ಬಾ. ಮನಿ ಕೊಟ್ರಿ, ಮಣ್ಣು ಮಾಡಾಕ ಜಾಗಾ ಎಲ್ಲಿ? ಇಷ್ಟ ಕೇಳು.”

ಅಜ್ಜಾರ ಪಾದದಾಣೆ ಕೇಳುತ್ತೇನೆ ಎಂದಿದ್ದ ಹುಡುಗ.

“ಒಂದ ನಿಮಿಷ ಇತ್ರಿ” ಎಂದ ಈಗ. “ಆ ಮಾತಿಗೆ ಜಾಗಾ ಸಿಗಲಿಲ್ಲ.”

“ಹೂಂ. ಎಲ್ಲೂ ಸಿಗವಲ್ದು.”

“ಹಂಗಲ್ರಿ. ಅಲ್ಲಿ ತತ್ವ ಮಾತಾಡ್ತಿದ್ರು. ಅಂಥಲ್ಲಿ ಸುಡುಗಾಡಿನ ಮಾತು ಹೆಂಗ ಆಡೂದು?”

“ಆಕಿಗೆ ಏನ್ ಹೇಳಿದಿ?”

“ಇನ್ನೂ ಭೇಟಿ ಆಗಿಲ್ರಿ.”

ಭೇಟಿ ಆಗದಿರಲು ಬೆಳಿಗ್ಗೆ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಾಲೇಜಿನ ದಾರಿ ಹೊಸ ಊರಿನ ನಡುವೆಯೇ ಹೋಗುತ್ತದೆ. ಅದನ್ನು ಬಿಟ್ಟು ಮುಳ್ಳುಕಂಟಿ ದಾಟಿ, ಹೊಲದ ಬದು ಹಿಡಿದು, ಧೋತರದ ಅಂಚು ಹರಿದುಕೊಂಡು ಹೋಗಿದ್ದ. ಅರ್ಧ ದಾರಿಯಿಂದ ತಿರುಗಿಯೂ ಬಂದಿದ್ದ.

“ನನಗ ಒಂದು ತಿಳೀವಲ್ದು ಅಜ್ಜಾರ. ಬಸ್ಸಿನ್ಯಾಗೂ ಆ ಚಪ್ಪಾಳಿ ಕಿವಿಯಾಗ ಇತ್ತು. ಖುಷೀನೂ ಇತ್ತು. ಮತ್ತ ನಿದ್ದಿ ಯಾಕ ಹತ್ತಲಿಲ್ಲ?”

ಅಜ್ಜಾರು ಮೊರ ಕೆಳಗಿಟ್ಟರು.

“ಊಟದ ಹೊತ್ತಾತು. ಇವತ್ತು ಬಾಗಲದಾಗ ನೀ ಕೂಗು.”

ಅದು ಆ ಮಠದ ಪದ್ಧತಿ. ಪಂಕ್ತಿ ಎದ್ದ ಮೇಲೆ ಒಬ್ಬರು ಹೆಬ್ಬಾಗಿಲಿಗೆ ಹೋಗಿ ‘ಹಸಿದವರು ಬರ್ರಿ’ ಎಂದು ಕೂಗಬೇಕು. ಕೂಗಿ, ಹೊಸ್ತಿಲಲ್ಲಿ ಸುಮ್ಮನೆ ನಿಲ್ಲಬೇಕು. ಯಾರಾದರೂ ಬಂದರೆ ಕರೆತರಬೇಕು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅಜ್ಜಾರು ತುತ್ತು ಎತ್ತುತ್ತಿದ್ದರು.

ಸಂಗನಬಸು ಹೆಬ್ಬಾಗಿಲಿಗೆ ಹೋದ. ಕಿಸೆಯಲ್ಲಿ ಮೊಬೈಲು ಗುಂಯ್‌ಗುಡುತ್ತಿತ್ತು. ರಾಜಧಾನಿಯವರೇ ಇರಬೇಕು. ಹೊಳೆಯ ಕಡೆ ಮುಖ ಮಾಡಿ ಎದೆಯುಬ್ಬಿಸಿದ. ಎರಡು ಪದದ ಕೂಗು ಅವನಿಗೆ ತೀರಾ ಸಪ್ಪೆ ಎನಿಸಿತು.

“ಹಸಿದ ಬಂಧುಗಳೇ! ತಲೆತಲಾಂತರದಿಂದ ಹಸಿದವರೇ! ಈ ಬಾಗಿಲು ಭಿಕ್ಷೆಯ ಬಾಗಿಲಲ್ಲ, ಇದು ನಿಮ್ಮ ಹಕ್ಕಿನ ಬಾಗಿಲು!”

ಒಳಗಿಂದ ಅಡಿಗೆಯವರು ಭೇಷ್ ಎಂದರು. ಅವನು ಬಾಗಿಲು ಮುಚ್ಚಿ, ಮೊಬೈಲು ನೋಡುತ್ತ ಒಳಗೆ ಬಂದ.

ಅಜ್ಜಾರು ತಾಟಿನ ಮುಂದೆ ಕೂತಿದ್ದರು. ರೊಟ್ಟಿ ಮುರಿದಿರಲಿಲ್ಲ.

“ಯಾರರೆ ಬಂದ್ರೇನು?”

“ಇಲ್ರಿ.”

“ನಿಂತಿದ್ದೇನು?”

“ಕೂಗಿದೆನಲ್ರಿ. ಅಡಿಗಿ ಮನಿ ತನಕ ಕೇಳಸೇತಿ.”

“ಅಡಿಗಿ ಮನ್ಯಾಗ ಯಾರೂ ಹಸದಿಲ್ಲ. ಹೋಗಿ ನೋಡು.”

ಗೊಣಗುತ್ತ ಹೋಗಿ ಬಾಗಿಲು ತೆಗೆದ.

ಮೆಟ್ಟಿಲ ಮೇಲೆ ಶಾವಂತ್ರವ್ವ ಕೂತಿದ್ದಳು. ತೊಡೆಯ ಮೇಲೆ ಒಂದು ಖಾಲಿ ಬೋಗುಣಿ.

ಓಡಿಹೋಗಲು ಅಲ್ಲಿ ಹೊಲದ ಬದುವಿರಲಿಲ್ಲ.

“ಯಾವಾಗ ಬಂದಿ ಯವ್ವಾ?”

“ನೀ ಕೂಗೂ ಮುಂಚೇನ ಬಂದು ಬಾಗಲ ಮಗ್ಗಲಕ ನಿಂತಿದ್ದೆ. ಮುದುಕಗ ಒಂದೀಟು ಗಂಜಿ ಒಯ್ಯೂನು ಅಂತ.”

“ಮತ್ತ ಒಳಗ ಬರಲಿಲ್ಲ ಯಾಕ?”

“ಭಾಷಣ ನಡದಿತ್ತಲ್ಲ ಯಪ್ಪಾ. ಯಾರೋ ದೊಡ್ಡವರಿಗೆ ಹೇಳಾಕತ್ತೀ ಅನ್ಕೊಂಡೆ. ಮುಗಿದ ಮ್ಯಾಲ ಬರೂನು ಅನ್ನೂದ್ರಾಗ ಬಾಗಲಾ ಬಿತ್ತು.”

ಅವಳು ನಗುತ್ತಲೇ ಹೇಳಿದಳು. ಹುಡುಗನಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಬೋಗುಣಿ ಇಸಿದುಕೊಂಡು ಒಳಗೆ ಓಡಿ, ಗಂಜಿ ತುಂಬಿ ತಂದ.

ಆಕೆ ಬೋಗುಣಿಗೆ ಸೆರಗು ಮುಚ್ಚಿದಳು. ಆದರೆ ಏಳಲಿಲ್ಲ.

“ನಮ್ಮ ಮಾತು ಕೇಳಿದೇನಪ್ಪಾ?”

ಅವನ ನಾಲಿಗೆಯ ತುದಿಯಲ್ಲಿ ವಾಕ್ಯಗಳು ಸಾಲುಗಟ್ಟಿ ನಿಂತವು. ಸಮಯದ ಅಭಾವವಿತ್ತು. ವಿಷಯ ಪರಿಶೀಲನೆಯಲ್ಲಿದೆ. ಮೇಲಿನವರ ಗಮನಕ್ಕೆ ತರಲಾಗುವುದು. ಒಂದಕ್ಕಿಂತ ಒಂದು ನುಣುಪು.

“ಇಲ್ಲ ಯವ್ವಾ” ಎಂದ. “ಮೈಕು ನನ್ನ ಕೈಯಾಗ ಇತ್ತು. ಕೇಳಲಿಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಹೊಳೆಯ ಕಡೆ ತಿರುಗಿದಳು. ಅದರ ತಳದಲ್ಲೇ ಎಲ್ಲೋ ಅವಳ ಅತ್ತೆ ಮಾವರನ್ನು ಮಣ್ಣು ಮಾಡಿದ ಜಾಗವಿತ್ತು.

“ಮುದುಕಗ ಹೇಳಿದ್ದೆ” ಎಂದಳು. “ಹುಡುಗ ಕೇಳಿ ಬರೂತನಕ ತಡಕೋ ಅಂತ.”

ಬೋಗುಣಿ ತುಳುಕದ ಹಾಗೆ ಹಿಡಿದುಕೊಂಡು ಇಳಿದು ಹೋದಳು.

ಮೊಬೈಲು ಮತ್ತೆ ಗುಂಯ್‌ಗುಟ್ಟಿತು. ಅವನು ಎತ್ತಲಿಲ್ಲ. ಅದು ಬಡಕೊಂಡು ಬಡಕೊಂಡು ತಾನೇ ಸುಮ್ಮನಾಯಿತು.

ಬಾಗಿಲು ತೆರೆದೇ ಬಿಟ್ಟು ಸಂಗನಬಸು ಒಳಗೆ ಬಂದ. ಅಜ್ಜಾರ ರೊಟ್ಟಿ ಇಟ್ಟಲ್ಲೇ ಇತ್ತು.

“ಅಜ್ಜಾರ, ಆ ಮಾತು ಈಗ ಎಲ್ಲಿ ಹೋಗಿ ಕೇಳ್ಲಿ?”

“ಯಾರು ಕೊಡಬೇಕೋ ಅವರ ಬಾಗಲದಾಗ.”

“ತಾಲೂಕ ಕಚೇರಿಗೆ ಈಗ ಹೊಂಡ್ತೀನ್ರಿ. ಆದ್ರ ಅಲ್ಲಿ ಚಪ್ಪಾಳಿ ಹೊಡಿಯವರು ಯಾರೂ ಇರಂಗಿಲ್ಲ. ನಾಳೆ ಬಾ ಅಂತಾರ. ಸಾಹೇಬರು ಇಲ್ಲ ಅಂತಾರ.”

“ಅಂತಾರ.”

“ಎಷ್ಟೊತ್ತಂತ ನಿಲ್ಲಬೇಕ್ರಿ?”

ಅಜ್ಜಾರು ತಮ್ಮ ತಾಟಿನ ಮೇಲೆ ಇನ್ನೊಂದು ತಾಟು ಕವಿಚಿ, ಪಕ್ಕಕ್ಕೆ ಸರಿಸಿದರು.

“ಮುದುಕ ತಡಕೊಂಡಾನ. ನಾನೂ ತಡಕೋತೀನಿ. ನೀ ಹೋಗಿ ನಿಲ್ಲು.”