ಐಗಳ ಮಂಡಕ್ಕಿ ಪಾಠ

"ಬುದ್ಧಿ, ಚೆನ್ನಾಗಿ ಕಲಿಸಿದ ಶಾಲೆ ಯಾವುದೆಂದು ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಸಿದ್ದಬಸವ ಗುರುಗಳನ್ನು ಕೇಳಿದ.

ಮಠದ ಶಾಲೆಯಲ್ಲಿ ಪಾಠ ಹೇಳುವವನು ಅವನೇ. ಮಕ್ಕಳ ಕಲಿಕೆ ಹೆಚ್ಚಿಸಿದ ಶಾಲೆಗೆ ಆ ವರ್ಷ ಮರ್ಯಾದೆ ಮಾಡಬೇಕೆಂದು ಸೀಮೆಯ ಹಿರಿಯರು ತೀರ್ಮಾನಿಸಿದ್ದರು. ಅವರು ನೋಡಲು ಬರುವುದು ನಾಳೆ. ಆ ಮರ್ಯಾದೆ ತನ್ನ ಶಾಲೆಗೇ ಸಿಗಬೇಕೆಂದು ಸಿದ್ದಬಸವನಿಗೆ ಬಹಳ ಆಸೆ. ಅದಕ್ಕಾಗಿ, ಓದಲು ತಡವರಿಸುವ ಇಬ್ಬರು ಮಕ್ಕಳಿಗೆ "ನಾಳೆ ಮನೆಯಲ್ಲೇ ಇರಿ" ಎಂದು ಹೇಳಿ ಕಳಿಸಿದ್ದ. ಇದನ್ನು ಗುರುಗಳಿಗೆ ಹೇಳಿರಲಿಲ್ಲ.

ಗುರುಗಳು ನಕ್ಕರು. "ಅಯ್ಯೋ, ಅದಕ್ಕೊಂದು ಕತೆಯೇ ಇದೆ, ಕೇಳು" ಎಂದರು.

ಒಬ್ಬ ಅರಸನಿದ್ದ. ಮೊದಲೇ ಬಲ್ಲ ಮಕ್ಕಳನ್ನು ಮೆರೆಸುವುದರಲ್ಲಿ ಏನು ಹೆಚ್ಚುಗಾರಿಕೆ, ಹಿಂದುಳಿದವರನ್ನು ಮುಂದೆ ತಂದ ಶಾಲೆಯೇ ದೊಡ್ಡದು ಎಂಬುದು ಅವನ ಮತ. ದಸರೆಗೊಮ್ಮೆ, ಯುಗಾದಿಗೊಮ್ಮೆ ಪರೀಕ್ಷಕನನ್ನು ಕಳಿಸುತ್ತೇನೆ, ನಡುವೆ ಯಾವ ಶಾಲೆಯ ಮಕ್ಕಳು ಹೆಚ್ಚು ಮುಂದೆ ಬಂದಿರುತ್ತಾರೋ ಆ ಶಾಲೆಗೆ ಕಂಚಿನ ಗಂಟೆ ಎಂದು ಡಂಗುರ ಹೊಡೆಸಿದ.

ಒಂದೂರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಐಗಳಿದ್ದರು. ಪಾಠವನ್ನೇನೋ ಚೆನ್ನಾಗಿಯೇ ಹೇಳುತ್ತಿದ್ದರು. ಆದರೆ ಗಂಟೆಯ ಆಸೆ ಹತ್ತಿತಲ್ಲ, ತಲೆ ಅಡ್ಡದಾರಿ ಹಿಡಿಯಿತು. ದಸರೆಗೆ ಮಕ್ಕಳು ದಡ್ಡರಾಗಿ ಕಂಡಷ್ಟೂ ಯುಗಾದಿಗೆ ಅವರ ಏಳಿಗೆ ದೊಡ್ಡದಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿದರು. ಪರೀಕ್ಷಕರು ಏನು ಕೇಳಿದರೂ 'ಗೊತ್ತಿಲ್ಲ' ಎನ್ನಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರು.

ಮಕ್ಕಳಿಗೆ ಇದಕ್ಕಿಂತ ಸುಖದ ಪಾಠ ಬೇಕೆ! ದಸರೆಗೆ ಕೆಂಪು ರುಮಾಲು ಸುತ್ತಿದ ಪರೀಕ್ಷಕ ಬಂದ. ಎರಡೂ ಎರಡೂ ಸೇರಿದರೆ ಎಷ್ಟು? ಗೊತ್ತಿಲ್ಲ. ಸೂರ್ಯ ಹುಟ್ಟುವ ದಿಕ್ಕು ಯಾವುದು? ಗೊತ್ತಿಲ್ಲ. ಹೋಗಲಿ, ನಿಮ್ಮೂರಿನ ಹೆಸರೇನು? ಅದೂ ಗೊತ್ತಿಲ್ಲ. ಪರೀಕ್ಷಕ ಅಯ್ಯೋ ಪಾಪ ಎಂದುಕೊಂಡು ಹೊರಟುಹೋದ. ಐಗಳು ಹಿಗ್ಗಿ ಹೀರೆಕಾಯಿಯಾದರು. ಭಲೇ ಭಲೇ ಎಂದು ಬೆನ್ನು ತಟ್ಟಿ, ಎಲ್ಲರಿಗೂ ಬೊಗಸೆ ತುಂಬ ಮಂಡಕ್ಕಿ, ಬೆಲ್ಲ ಕೊಟ್ಟರು.

ಆಮೇಲೆ ಪಾಠವೋ ಪಾಠ. ಮಗ್ಗಿ, ಕಾಗುಣಿತ, ಪದ್ಯ ಎಲ್ಲವೂ ಮಕ್ಕಳ ನಾಲಗೆಯ ಮೇಲೆ ಕುಣಿದವು. ಈ ಸಲ ಗೊತ್ತಿದ್ದದ್ದನ್ನು ಹೇಳಿ ಎಂದು ಬೇರೆ ಹೇಳಬೇಕೇ ಎಂದುಕೊಂಡು ಐಗಳು ಸುಮ್ಮನಿದ್ದರು. ಯುಗಾದಿ ಬಂತು. ಅದೇ ಪರೀಕ್ಷಕ, ಅದೇ ಕೆಂಪು ರುಮಾಲು. ರುಮಾಲು ಕಂಡದ್ದೇ ತಡ, ಮಕ್ಕಳ ಬಾಯಲ್ಲಿ ನೀರೂರಿತು.

"ಎರಡೂ ಎರಡೂ ಎಷ್ಟು?" ಎಂದು ಪರೀಕ್ಷಕ ಕೇಳಿದ.

"ಗೊತ್ತಿಲ್ಲ!" ಎಂದು ಶಾಲೆಗೆ ಶಾಲೆಯೇ ಕೂಗಿತು.

"ಅಯ್ಯೋ, ಹೇಳ್ರೋ, ನಿಮಗೆ ಗೊತ್ತಿದೆಯಲ್ರೋ!" ಎಂದು ಐಗಳು ಬಾಯಿ ಬಾಯಿ ಬಡಿದುಕೊಂಡರು.

ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಇವರು ಬಂದಾಗ ಹಾಗೇ ಹೇಳಬೇಕು ಅಂತ ನೀವೇ ಅಲ್ಲವೇ ಅಯ್ಯಾ ಕಲಿಸಿದ್ದು? ಮಂಡಕ್ಕಿ ಎಲ್ಲಿ?" ಎಂದಳು.

ಪರೀಕ್ಷಕ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಟೆ ಪಕ್ಕದ ಊರಿಗೆ ಹೋಯಿತು.

ಕತೆ ಕೇಳಿ ಸಿದ್ದಬಸವನೂ ಬಿದ್ದು ಬಿದ್ದು ನಕ್ಕ. "ಅಷ್ಟೆಲ್ಲ ಕಲಿಸಿದರೂ ಮಕ್ಕಳು ಅದೊಂದನ್ನೇ ಗಟ್ಟಿಯಾಗಿ ನೆನಪಿಟ್ಟುಕೊಂಡರಲ್ಲ, ಬುದ್ಧಿ!" ಎಂದ.

ಗುರುಗಳು ಅವನ ಮುಖ ನೋಡಿದರು.

"ನಾಳೆ ಬರಬೇಡಿ ಎಂದೆಯಂತಲ್ಲ ಆ ಇಬ್ಬರಿಗೆ, ಅವರು ನಿನ್ನಿಂದ ಏನನ್ನು ನೆನಪಿಟ್ಟುಕೊಳ್ಳುತ್ತಾರಪ್ಪಾ?"