ಹಿಮದ ಕಾಡಿಗೆ ಬಂದ ದಂಡು

"ಗುರುಗಳೇ, ನಾನು ಒಬ್ಬ. ನನ್ನನ್ನು ಮುತ್ತಿರುವ ಕಷ್ಟಗಳು ಒಂದು ದಂಡಿನಷ್ಟಿವೆ. ಇಷ್ಟನ್ನು ಒಬ್ಬನೇ ಹೇಗೆ ಎದುರಿಸಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಭೂಮಿಯ ಬಡಗಣ ತುದಿಯಲ್ಲಿ ಫಿನ್‌ಲೆಂಡ್ ಎಂಬ ಪುಟ್ಟ ದೇಶವಿದೆ. ಒಂದು ಚಳಿಗಾಲದಲ್ಲಿ ನೆರೆಯ ದೊಡ್ಡ ದೇಶ ಅದರ ಮೇಲೆ ದಂಡೆತ್ತಿ ಬಂತು. ಗಡಿಯ ಹಳ್ಳಿಯೊಂದರಲ್ಲಿ ತೌನೊ ಎಂಬ ರೈತನಿದ್ದ. ಹೆಂಡತಿ ಮಕ್ಕಳನ್ನು ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಯಲ್ಲಿ ಕೂರಿಸಿ ದೂರದ ಊರಿಗೆ ಕಳಿಸಿ, ಅವನು ಸೈನ್ಯ ಸೇರಿದ. ಅವನ ತುಕಡಿಯಲ್ಲಿ ಇದ್ದವರೂ ಹೆಚ್ಚಾಗಿ ರೈತರೇ.

ತೌನೊ ಗುಡ್ಡದ ಮೇಲಿಂದ ನೋಡಿದ. ಕಾಡಿನ ನಡುವೆ ಇದ್ದದ್ದು ಒಂದೇ ದಾರಿ. ಅದರ ತುಂಬ ಟ್ಯಾಂಕು, ಫಿರಂಗಿ, ಲಾರಿ, ಕುದುರೆ, ಸೈನಿಕರು. ಸಾಲಿನ ಕೊನೆ ಕಾಣಲಿಲ್ಲ. ಇವರನ್ನು ತಡೆಯುವುದು ನಮ್ಮಿಂದ ಆಗದ ಮಾತು ಎಂದು ಅವನು ದಳಪತಿಗೆ ಹೇಳಿದ.

"ಹೋದ ವರ್ಷ ಈ ಹೊತ್ತಿಗೆ ಏನು ಮಾಡುತ್ತಿದ್ದಿರಿ?" ಎಂದು ದಳಪತಿ ಕೇಳಿದ.

"ಮರ ಕಡಿಯುತ್ತಿದ್ದೆ. ಕೈ ಸೆಟೆದುಕೊಂಡರೆ ಆವಿಮನೆಗೆ ಹೋಗಿ ಬೆವರುತ್ತಿದ್ದೆ. ಮತ್ತೆ ಬಂದು ಕಡಿಯುತ್ತಿದ್ದೆ."

"ಈ ವರ್ಷವೂ ಅದನ್ನೇ ಮಾಡಿ."

ರೈತನಿಗೆ ನಗು ಬಂತು. ನಕ್ಕಮೇಲೆ ಹೆದರಿಕೆ ಅರ್ಧ ಇಳಿಯಿತು.

ತುಕಡಿಯ ರೈತರು ಹಿಮದಲ್ಲಿ ಕಾಣದಂತೆ ಬಿಳಿ ನಿಲುವಂಗಿ ತೊಟ್ಟರು. ಕಾಲಿಗೆ ಜಾರುಹಲಗೆ ಕಟ್ಟಿಕೊಂಡು, ದಾರಿಯೇ ಇಲ್ಲದ ಕಾಡಿನೊಳಗೆ ಸದ್ದಿಲ್ಲದೆ ಸರಿದರು. ದಂಡಿನ ಮುಂದೆ ಮರ ಉರುಳಿಸಿದರು, ಹಿಂದೆಯೂ ಉರುಳಿಸಿದರು. ದಂಡು ನಿಂತುಬಿಟ್ಟಿತು. ಅದರ ಸೈನಿಕರು ದಾರಿ ಬಿಟ್ಟು ಕಾಲಿಟ್ಟರೆ ಹಿಮದಲ್ಲಿ ಸೊಂಟದವರೆಗೆ ಹೂತುಹೋಗುತ್ತಿದ್ದರು. ರೈತರು ಒಂದು ಕಡೆ ಗುಂಡು ಹಾರಿಸಿ ಮರೆಯಾಗುವರು, ಮತ್ತೊಂದು ಕಡೆ ಕಾಣಿಸಿಕೊಳ್ಳುವರು. ಶತ್ರುಗಳ ಅಡುಗೆಬಂಡಿಗಳನ್ನೇ ಮೊದಲು ಮುರಿದರು. ಉದ್ದದ ಸಾಲು ತುಂಡು ತುಂಡಾಯಿತು.

ಇತ್ತ ಕಾಡಿನೊಳಗೆ ರೈತರು ಮರದ ದಿಮ್ಮಿಗಳಿಂದ ಆವಿಮನೆ ಕಟ್ಟಿಕೊಂಡು, ಒಳಗೆ ಕಾದ ಕಲ್ಲಿಗೆ ನೀರೆರೆದು ಆವಿ ಎಬ್ಬಿಸುತ್ತಿದ್ದರು. ಸರದಿಯ ಮೇಲೆ ಬಂದು ಬೆವರುವರು, ಬಿಸಿ ಸಾರು ಕುಡಿಯುವರು, ಮಲಗುವರು. ಒಂದು ದಿನ ತೌನೊ ಆವಿ ಏಳುತ್ತಿದ್ದ ಬರಿಮೈಯಲ್ಲಿ ಹೊರಗೆ ಓಡಿಬಂದು ಹಿಮದಲ್ಲಿ ಹೊರಳಾಡಿದ. ಜೊತೆಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆ ಶತ್ರು ಸೈನಿಕನೊಬ್ಬ, ಸಾರಿನ ವಾಸನೆ ಹಿಡಿದು, ಎರಡೂ ಕೈ ಮೇಲೆತ್ತಿ ಮರಗಳ ಸಂದಿನಿಂದ ಬಂದ. ಅವರು ಅವನ ಕೋವಿ ತೆಗೆದುಕೊಂಡು ಸಾರು ಕೊಟ್ಟರು. ಆವಿಮನೆಯೊಳಗೆ ಕರೆದಾಗ ತನ್ನನ್ನು ಸುಟ್ಟುಬಿಡುತ್ತಾರೆಂದು ಅವನು ಬಾಗಿಲಲ್ಲೇ ಹಿಂಜರಿದ. ಒಳಗೆ ಕೂತು ಮೈ ಬೆಚ್ಚಗಾಗುತ್ತ ಬಂದಂತೆ ಕಣ್ಣು ಮುಚ್ಚಿ, ತನ್ನ ಊರಿನ ಹಾಡೊಂದನ್ನು ಗುನುಗಿದ. ತೌನೊನಿಗೆ ಆ ಭಾಷೆ ತಿಳಿಯದು. ಆದರೂ ಹಲಗೆಯ ಮೇಲೆ ತಾಳ ಹಾಕಿದ.

ಕೆಲವು ವಾರಗಳಲ್ಲಿ ಆ ದಂಡಿನಲ್ಲಿ ಉಳಿದವರು ಫಿರಂಗಿಗಳನ್ನು ಬಿಟ್ಟು ಹಿಂದಕ್ಕೆ ಹೋದರು. ಯುದ್ಧ ಮುಗಿದಿರಲಿಲ್ಲ. ಆದರೆ ತೌನೊನ ಹಳ್ಳಿ ಉಳಿಯಿತು. ಹೆಂಡತಿ ಮಕ್ಕಳು ಮರಳಿದರು. ದಂಡು ಬಿಟ್ಟುಹೋದ ಕುದುರೆಯೊಂದನ್ನು ಜಾರುಬಂಡಿಗೆ ಹೂಡಿ, ಅವನು ಮಕ್ಕಳನ್ನು ಊರ ತುಂಬ ಸುತ್ತಾಡಿಸಿದ. ಅವರ ಕೇಕೆಗೆ ನೆರೆಹೊರೆಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಶಿಷ್ಯನ ಮುಖ ಅರಳಿತ್ತು. ಮರುಕ್ಷಣವೇ ಬಾಡಿತು. "ಆ ರೈತನ ಪರವಾಗಿ ಹಿಮವಿತ್ತು. ನನ್ನ ಪರವಾಗಿ ಏನಿದೆ?" ಎಂದ.

ಗುರುಗಳು ಹೇಳಿದರು: "ಹಿಮ ರೈತನ ಮೇಲೂ ದಂಡಿನ ಮೇಲೂ ಸಮವಾಗಿಯೇ ಬಿದ್ದಿತ್ತು."

ಶಿಷ್ಯ ನಮಸ್ಕರಿಸಿ, ತನ್ನ ದಿನದ ಕೆಲಸಕ್ಕೆ ಎದ್ದುಹೋದ.