ತೂಬಿನ ಬಳಿಯ ಗಾಲಿಗುರುತು

"ಗುರುಗಳೇ, ನಾವು ಪ್ರೀತಿಸುವವರಿಗಾಗಿ ಹೆದರುವುದು ತಪ್ಪೇ?"

ಕೇಳಿದವನು ಅಡವೀಶ. ಮಠದ ವಿದ್ಯಾರ್ಥಿನಿಲಯದ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಅವನದು. ಯಾರಾದರೂ ಮುಳುಗಿಯಾರು ಎಂದು ಅವನು ಕಲ್ಯಾಣಿಯ ಗೇಟಿಗೆ ಬೀಗ ಹಾಕಿಸಿದ್ದ. ಬೀಗ ಬಿದ್ದ ವಾರದಲ್ಲೇ ಒಬ್ಬ ಹುಡುಗ ಗೋಡೆ ಹಾರಲು ಹೋಗಿ ಕೈ ಮುರಿದುಕೊಂಡ. ಈಗ ಆ ಗೋಡೆಯನ್ನು ಇನ್ನೆರಡು ಅಡಿ ಎತ್ತರಿಸಲು ಅಪ್ಪಣೆ ಕೇಳಬೇಕೆಂದು ಅಡವೀಶ ಬಂದಿದ್ದ.

"ತಪ್ಪು ಅಂತ ಯಾರು ಹೇಳಿದರು?" ಎಂದರು ಗುರುಗಳು.

"ಮಕ್ಕಳೇ ಹೇಳುತ್ತಾರೆ. ನನಗೆ ಜೈಲರ್ ಎಂದು ಹೆಸರಿಟ್ಟಿದ್ದಾರೆ. ಆದರೆ ನಾನು ಹೆದರುವುದು ನನಗಾಗಿ ಅಲ್ಲವಲ್ಲ, ಅವರಿಗಾಗಿ. ಹೆದರುವವನ ಕೈಯಲ್ಲಿದ್ದರೆ ಮಕ್ಕಳು ಕ್ಷೇಮ. ಹೆದರದವನ ಕೈಯಲ್ಲಿದ್ದರೆ ಅಲ್ಲ."

ಗುರುಗಳು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಕರಾರುವಾಕ್ಕು ಮನುಷ್ಯ. ತಾನು ಸರಿಮಾಡಿಕೊಟ್ಟ ಗಡಿಯಾರ ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನ ಹೆಂಡತಿ ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು. ಆ ಊರಿಗೆ ಇದ್ದದ್ದು ನಾಲೆಯ ಏರಿಯ ಮೇಲಿನ ಮಣ್ಣಿನ ದಾರಿ ಒಂದೇ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ನಾಲೆ. ತಡೆಗೋಡೆ ಇಲ್ಲ. ಆರು ವರ್ಷ ಅವಳು ಆ ದಾರಿಯಲ್ಲಿ ಒಬ್ಬಳೇ ನಡೆದು ಹೋಗಿ ಬಂದಳು. ಅವಳಿಗೆ ಏನೂ ಆಗಲಿಲ್ಲ.

ಏಳನೆಯ ವರ್ಷ ಅವಳಿಗೆ ಮಂಡಿನೋವು ಬಂತು. ಅವಳಿಗಾಗಿ ಅವನು ಒಂದು ಎಲೆಕ್ಟ್ರಿಕ್ ಸೈಕಲ್ ಕೊಂಡ. ಅದು ತಾನಾಗಿ ಓಡುವ ಗಾಡಿಯಲ್ಲ. ಪೆಡಲ್ ತುಳಿಯಬೇಕು. ಕಾಲು ಎಷ್ಟು ಒತ್ತುತ್ತದೆ ಎಂಬುದನ್ನು ಯಂತ್ರ ತಿಳಿದುಕೊಳ್ಳುತ್ತದೆ. ಅದಕ್ಕೆ ತಕ್ಕಷ್ಟು ತನ್ನ ಬಲವನ್ನು ಸೇರಿಸುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹೋಗುತ್ತದೆ, ಜೋರಾಗಿ ಒತ್ತಿದರೆ ನುಗ್ಗುತ್ತದೆ.

ಅವಳು ಎರಡೇ ದಿನದಲ್ಲಿ ಕಲಿತಳು. ಮೂರನೆಯ ದಿನ ಕೆಲಸಕ್ಕೆ ಹೊರಟಾಗ ಅವನು ಹ್ಯಾಂಡಲ್ ಹಿಡಿದುಕೊಂಡ. ನೀನು ಹಿಂದೆ ಕೂರು, ನಾನೇ ಬಿಟ್ಟು ಬರುತ್ತೇನೆ ಎಂದ.

ಅವನ ಭಯಕ್ಕೆ ಒಂದು ಜಾಗವಿತ್ತು. ಅರ್ಧ ದಾರಿಯಲ್ಲಿ ಒಂದು ತೂಬು. ಅಲ್ಲಿಂದ ಗದ್ದೆಗಳಿಗೆ ನೀರು ಬಿಡುತ್ತಾರೆ. ಅಲ್ಲಿ ನಾಲೆ ಆಳ, ದಾರಿ ಕಿರಿದು. ಹಿಂದೊಮ್ಮೆ ಅಲ್ಲಿ ಒಂದು ಟ್ರ್ಯಾಕ್ಟರ್ ನೀರಿಗೆ ಉರುಳಿತ್ತು. ಅವನು ಅದನ್ನು ನೋಡಿದವನಲ್ಲ, ಕೇಳಿದವನು. ಅಷ್ಟು ಸಾಕಾಗಿತ್ತು.

ಮೊದಲ ದಿನ ತೂಬು ಹತ್ತಿರ ಬಂತು. ನೀರನ್ನು ನೋಡಬಾರದು ಎಂದುಕೊಂಡ, ಕಣ್ಣು ನೀರಿನ ಕಡೆಗೇ ಹೋಯಿತು. ಕಾಲುಗಳು ಸೆಟೆದುಕೊಂಡವು. ಸೆಟೆದ ಕಾಲು ಪೆಡಲನ್ನು ಒತ್ತಿತು. ಸೈಕಲ್ ನುಗ್ಗಿತು. ಕಣ್ಣು ಹೋದ ಕಡೆಗೆ ಗಾಲಿಯೂ ತಿರುಗಿತು. ಹೇಗೋ ದಾಟಿದರು.

ಹೆಂಡತಿ ಬೆನ್ನಿಗೆ ಒಂದು ಗುದ್ದಿದಳು. "ಏನ್ರೀ, ಬೇರೆ ಕಡೆಯೆಲ್ಲ ಬಸವನಹುಳು, ತೂಬು ಬಂದ ತಕ್ಷಣ ನಾಯಿ ಅಟ್ಟಿಸಿಕೊಂಡು ಬಂದೋರ ಹಾಗೆ ಓಡಿಸ್ತೀರಲ್ಲ!"

"ನಾನಲ್ಲ ಕಣೇ, ಸೈಕಲ್ಲು" ಎಂದ ಅವನು.

ಅವಳನ್ನು ಬಿಟ್ಟು ಮರಳಿ ಬರುವಾಗ ಅವನು ಸೈಕಲನ್ನು ತಳ್ಳಿಕೊಂಡು ನಡೆದ. ಮಣ್ಣಿನ ಮೇಲೆ ತನ್ನ ಗಾಲಿಯ ಗುರುತು ಕಂಡಿತು. ಉದ್ದಕ್ಕೂ ನೇರವಾಗಿತ್ತು. ತೂಬಿನ ಬಳಿ ಮಾತ್ರ ನೀರಿನ ಕಡೆಗೆ ಬಾಗಿತ್ತು. ಅವನು ಕೂತು ಕೈಯಿಂದ ಅಳೆದ. ಗಾಲಿಗೂ ಅಂಚಿಗೂ ನಡುವೆ ಎರಡು ಮೊಳ ಇತ್ತು.

ಮಾರನೆಯ ದಿನ ಒಂದೂವರೆ ಮೊಳ.

ವಾರ ಕಳೆದಾಗ ಒಂದು ಗೇಣು.

ಅಳೆದಷ್ಟೂ ಅವನು ಹೆದರಿದ. ಹೆದರಿದಷ್ಟೂ ಒತ್ತಿದ. ಒತ್ತಿದಷ್ಟೂ ಅಂಚು ಹತ್ತಿರವಾಯಿತು. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೆದರಿಯಾಳು ಎಂದುಕೊಂಡ. ಯಂತ್ರದಲ್ಲೇ ಏನೋ ದೋಷವಿದೆ ಎಂದು ತೀರ್ಮಾನಿಸಿ ಸೈಕಲನ್ನು ಮೆಕ್ಯಾನಿಕ್ ಬಳಿಗೆ ಒಯ್ದು, ತೂಬಿನ ಹತ್ತಿರ ಬಂದರೆ ತಾನಾಗಿ ನುಗ್ಗುತ್ತದೆ ಎಂದ.

ಮೆಕ್ಯಾನಿಕ್ ಸೈಕಲನ್ನು ಎತ್ತಿ ನಿಲ್ಲಿಸಿ ಗಾಲಿ ತಿರುಗಿಸಿದ. ಅಂಗಡಿಯ ಮುಂದೆ ಎರಡು ಸುತ್ತು ಓಡಿಸಿ ನೋಡಿದ.

"ಸೈಕಲ್ ಚೆನ್ನಾಗಿದೆ ಯಜಮಾನ್ರೇ. ಒತ್ತಿದರೆ ಹೋಗ್ತದೆ, ಬ್ರೇಕ್ ಹಿಡಿದರೆ ಮೋಟಾರು ನಿಲ್ತದೆ. ತೂಬಿನ ಹತ್ತಿರ ನೀವು ಯಾಕೆ ಒತ್ತುತ್ತೀರಿ?"

"ನಾನು ಒತ್ತೋದಿಲ್ಲ. ಹೆದರ್ತೀನಿ, ಅಷ್ಟೇ."

"ಸೈಕಲ್ಲಿಗೆ ಅದು ಹೇಗೆ ಗೊತ್ತಾಗಬೇಕು? ಧೈರ್ಯವಾಗಿ ತುಳಿಯೋ ಕಾಲಿಗೂ ಹೆದರಿ ಒತ್ತೋ ಕಾಲಿಗೂ ಅದು ಒಂದೇ ಬಲ ಕೊಡ್ತದೆ. ಬ್ರೇಕ್ ಹಿಡೀರಿ."

"ಹಿಡಿದೇ ಇರ್ತೀನಿ!"

"ಎಲ್ಲಿ, ಹಿಡಿದು ತೋರಿಸಿ. ತೂಬು ಬಂತು ಅಂದುಕೊಳ್ಳಿ."

ಅವನು ಹಿಡಿದು ತೋರಿಸಿದ. ಹತ್ತೂ ಬೆರಳು ಹ್ಯಾಂಡಲನ್ನು ಸುತ್ತಿಕೊಂಡಿದ್ದವು. ಗೆಣ್ಣುಗಳು ಬೆಳ್ಳಗಾಗಿದ್ದವು. ಬ್ರೇಕಿನ ಮೇಲೆ ಒಂದು ಬೆರಳೂ ಇರಲಿಲ್ಲ.

ಮೆಕ್ಯಾನಿಕ್ ನಗಲಿಲ್ಲ. "ಅಮ್ಮಾವ್ರ ಕೈಗೆ ಕೊಟ್ಟುಬಿಡಿ ಯಜಮಾನ್ರೇ. ಅವರು ಓಡಿಸಿದ್ದನ್ನ ನಾನು ನೋಡಿದ್ದೀನಿ" ಎಂದ.

ಅವನಿಗೆ ಸಿಟ್ಟು ಬಂತು. ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸುವ ತನಗೆ ಸೈಕಲ್ ಅಂಗಡಿಯವನು ಪಾಠ ಹೇಳುವುದೇ ಎಂದು ಹೊರಟು ಬಂದ. ಮಾರನೆಯ ದಿನ ಅಂಚಿಗೂ ಗಾಲಿಗೂ ನಡುವೆ ನಾಲ್ಕು ಬೆರಳು ಇತ್ತು. ಅವನು ಆ ನಾಲ್ಕು ಬೆರಳನ್ನು ಮಣ್ಣಿಗೆ ಒತ್ತಿ ಬಹಳ ಹೊತ್ತು ಕೂತಿದ್ದ. ಎದ್ದಾಗ ಇನ್ನೂ ಗಟ್ಟಿಯಾಗಿ ಹಿಡಿಯಬೇಕು ಎಂದು ನಿಶ್ಚಯಿಸಿದ.

ಅಲ್ಲಿಯವರೆಗೆ ನಾಲೆಯಲ್ಲಿ ಮೊಣಕಾಲುದ್ದ ನೀರಿತ್ತು. ಆ ವಾರ ಅಣೆಕಟ್ಟೆಯಿಂದ ನೀರು ಬಿಟ್ಟರು. ನಾಲೆ ಅಂಚಿನವರೆಗೆ ತುಂಬಿತು. ಕೆಂಪು ನೀರು ಸದ್ದಿಲ್ಲದೆ ವೇಗವಾಗಿ ಹೋಗುತ್ತಿತ್ತು.

ಬೆಳಿಗ್ಗೆ ಹೆಂಡತಿ ಅವನ ಮುಖ ನೋಡಿದಳು. ಕೈ ನೋಡಿದಳು. ಹೊರಡುವ ಮೊದಲೇ ಅದು ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿತ್ತು.

"ಇವತ್ತು ನಾನು ಓಡಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ. ಇಲ್ಲಾ, ಮನೇಲಿರಿ."

"ಆಗೋದಿಲ್ಲ."

"ಯಾಕೆ? ನನಗೆ ಬರೋದಿಲ್ವಾ?"

"ಬರ್ತದೆ. ಆದರೆ ನಿನಗೆ ಭಯ ಅನ್ನೋದೇ ಇಲ್ಲ. ಅದಕ್ಕೇ ಕೊಡೋದಿಲ್ಲ."

"ನಿಮಗಿದೆಯಲ್ಲ ಇಬ್ಬರಿಗೂ ಆಗುವಷ್ಟು!" ಎಂದಳು. ಆದರೂ ಕೂತಳು. ಗಂಡ ತನಗಾಗಿ ಹೆದರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗೆ ಹೆದರುವವನ ಮನಸ್ಸು ನೋಯಿಸುವುದು ಅವಳಿಗೆ ಕಷ್ಟವಾಗಿತ್ತು.

ಇಬ್ಬರೂ ಹೊರಟರು. ತೂಬು ದೂರದಲ್ಲಿ ಕಂಡಿತು. ಅವಳು ಅವನ ಬೆನ್ನಿಗೆ ಅಂಗೈ ಇಟ್ಟಿದ್ದಳು. ಬೆನ್ನು ಹಲಗೆಯ ಹಾಗೆ ಗಟ್ಟಿಯಾಗಿದ್ದು ಅವಳಿಗೆ ತಿಳಿಯಿತು. "ನಿಲ್ಲಿಸಿ, ಇಳಿದು ನಡೆಯೋಣ" ಎಂದಳು. ಅವನಿಗೆ ಕೇಳಿಸಲಿಲ್ಲ. ಭಯದಲ್ಲಿ ಕಿವಿಯೂ ಮುಚ್ಚಿಹೋಗಿತ್ತು. ಕಣ್ಣು ನೀರಿನ ಮೇಲಿತ್ತು. ಕಾಲು ಒತ್ತಿತು. ಯಂತ್ರ ತನ್ನ ಬಲವನ್ನೆಲ್ಲ ಕೊಟ್ಟಿತು.

ಅವಳು ಗದ್ದೆಯ ಕಡೆಗೆ ಹಾರಿಕೊಂಡಳು. ಸೈಕಲ್ ಅವನ ಸಮೇತ ನಾಲೆಗೆ ಹೋಯಿತು.

ಅವನಿಗೆ ಈಜು ಬರುತ್ತಿತ್ತು. ಕೈ ಬಿಟ್ಟಿದ್ದರೆ ಎರಡೇ ಬೀಸಿಗೆ ದಡ ಸಿಗುತ್ತಿತ್ತು. ಅವನು ಕೈ ಬಿಡಲಿಲ್ಲ. ಬ್ಯಾಟರಿ, ಮೋಟಾರು ಹೊತ್ತ ಆ ಭಾರದ ಸೈಕಲ್ ಅವನನ್ನು ಒಳಕ್ಕೆ ಎಳೆಯಿತು. ಬಿಡಿ, ಅದನ್ನು ಬಿಡಿ ಎಂದು ಅವಳು ದಡದಿಂದ ಕೂಗಿದಳು. ಅವನ ತಲೆ ಒಮ್ಮೆ ಮೇಲೆ ಬಂತು. ಮತ್ತೆ ಹೋಯಿತು. ಆಗ ಅವಳು ನೀರಿಗೆ ಇಳಿದಳು. ತೂಬಿನ ಕಂಬಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನೀರಿನ ಕೆಳಗೆ ಅವನ ಬೆರಳುಗಳನ್ನು ಹುಡುಕಿದಳು. ಹ್ಯಾಂಡಲಿನಿಂದ ಅವನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳು ಅವಳ ಮಣಿಕಟ್ಟನ್ನು ಹಿಡಿಯಿತು. ಅವನು ಅವಳನ್ನೂ ಕೆಳಕ್ಕೆ ಎಳೆದ. ಅವಳ ಬಾಯಿಗೆ ಕೆಂಪು ನೀರು ನುಗ್ಗಿತು. ಕಂಬಿ ಹಿಡಿದ ಕೈ ಜಾರತೊಡಗಿತು.

ನೀರು ತಿರುಗಿಸಲು ಬಂದಿದ್ದ ನೀರುಗಂಟಿ ಓಡಿ ಬಂದು ಅವಳ ಜಡೆ ಹಿಡಿದು ಎಳೆದ. ಇಬ್ಬರೂ ದಡಕ್ಕೆ ಬಿದ್ದರು. ಅವಳ ಮಣಿಕಟ್ಟಿನ ಮೇಲೆ ಅವನ ಐದು ಬೆರಳಿನ ಗುರುತು ನೀಲಿಯಾಗಿ ಮೂಡಿತ್ತು. ಅವನು ಕೆಮ್ಮುತ್ತಾ ಹೇಳಿದ ಮೊದಲ ಮಾತು, ನಾನು ನಿನ್ನನ್ನು ಬಿಡಲಿಲ್ಲ ಎಂದು.

ಅವಳು ಎದ್ದು ಬಟ್ಟೆಯ ನೀರು ಹಿಂಡಿಕೊಂಡಳು.

ಸೈಕಲ್ ತೂಬಿನ ಜಾಲರಿಗೆ ಸಿಕ್ಕಿಕೊಂಡಿತ್ತು. ನೀರು ಇಳಿದ ಮೇಲೆ ಮೇಲೆತ್ತಿಸಿದರು. ಹೊಸ ಬ್ಯಾಟರಿ ಬಂತು. ಅಂದಿನಿಂದ ಅವಳೇ ಓಡಿಸಿಕೊಂಡು ಹೋದಳು. ಅವನನ್ನು ಕೇಳಲಿಲ್ಲ, ಬೈಯಲೂ ಇಲ್ಲ. ಅವನು ಹಿಂದೆಯೇ ನಡೆದು ತೂಬಿನವರೆಗೆ ಹೋದ. ಕೂತು ಅಳೆದ. ಅವಳ ಗಾಲಿಗುರುತು ಅಂಚಿನಿಂದ ನಾಲ್ಕು ಮೊಳ ದೂರದಲ್ಲಿ ನೇರವಾಗಿ ಹೋಗಿತ್ತು. ತೂಬಿನ ಬಳಿಯೂ ಬಾಗಿರಲಿಲ್ಲ. ಅವನು ತಲೆಯೆತ್ತಿ ನೋಡಿದ. ಅವಳು ದೂರದಲ್ಲಿ ಸಣ್ಣಗೆ ಕಾಣುತ್ತಿದ್ದಳು. ಗಟ್ಟಿ ನೆಲದ ಮೇಲೆ ನಿಂತಿದ್ದರೂ ಅವನ ಬಲಗಾಲು ಮಣ್ಣನ್ನು ಒತ್ತುತ್ತಲೇ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವನ ಭಯ ಹೋಗಲೇ ಇಲ್ಲವೇ ಗುರುಗಳೇ?" ಎಂದ ಅಡವೀಶ.

"ಇಲ್ಲ, ಅವಳು ಆ ಭಯದ ಹಿಂದಿನ ಸೀಟಿನಿಂದ ಇಳಿದಳು, ಅಷ್ಟೇ; ನಿನ್ನ ಭಯದ ಹಿಂದೆ ಕೂತ ಮಕ್ಕಳು ಇಳಿಯಬಲ್ಲರೇ?"